ನಮ್ಮ ಏರಿಯಾದವ್ರು ಓಟು, ಸರ್ಕಾರ, ಟ್ಯಾಕ್ಸ್ ಬಗ್ಗೆ ಏನಂತಾರೆ? ಮುಂಬೈಲಿ ಸರಿಯಾಗಿ ಕೇಳ್ಕೊಂಡು ಬರೋದು ಹೇಗೆ

2026ರ ಜನವರಿ 15ಕ್ಕೆ ಮುಂಬೈ ಮಹಾನಗರ ಪಾಲಿಕೆಗೆ ಓಟಿಂಗ್ ಆಯ್ತಲ್ಲ, 2017ರ ಫೆಬ್ರವರಿ ಆದ್ಮೇಲೆ ಅದೇ ಮೊದಲ್ನೇದು. 2022ರ ಮಾರ್ಚಲ್ಲಿ ಹಳೇ ಕಾರ್ಪೊರೇಟರ್‌ಗಳ ಅವಧಿ ಮುಗಿದಿದ್ದು, ಅಲ್ಲಿಂದ ಹೆಚ್ಚುಕಮ್ಮಿ ನಾಕು ವರ್ಷ ನಮ್ಮ ವಾರ್ಡಿಗೆ ಅಂತ ಆರಿಸಿ ಬಂದವ್ರು ಯಾರೂ ಇರ್ಲಿಲ್ಲ. ಆ ಎಲೆಕ್ಷನ್ ಹತ್ರ ಬಂದಾಗ ನಮ್ಮ ಕಡೆ ಒಂದು ಸಂಘದ ಮೀಟಿಂಗಲ್ಲಿ ಹಿರಿಯರೊಬ್ರು ಎದ್ದು ನಿಂತು "ಈ ಸಲ ನಮ್ಮ ಕನ್ನಡಿಗರೆಲ್ಲ ಇಂಥವ್ರಿಗೇ ಹಾಕೋದು, ಅದ್ರಲ್ಲಿ ಎರಡು ಮಾತಿಲ್ಲ" ಅಂದ್ರು. ಹಾಲಲ್ಲಿ ಚಪ್ಪಾಳೆ ಬಿತ್ತು. ನಾನು ಹಿಂದಿನ ಸಾಲಲ್ಲಿ ಕೂತವ್ಳು, ಪಕ್ಕದಲ್ಲಿದ್ದ ಅಕ್ಕ ನನ್ನ ಕಿವೀಲಿ "ನನ್ನ ಯಾರೂ ಕೇಳ್ಲೇ ಇಲ್ಲ ಮಾರಾಯ್ತಿ" ಅಂದ್ಲು. ಆ ಮಾತು ನಂಗೆ ಇವತ್ತಿಗೂ ಹೋಗಿಲ್ಲ. ಆವತ್ತಿಂದ ನಾವು ಐದಾರು ಜನ ಸೇರಿ ಮನೆಮನೆಗೆ, ಹೋಟ್ಲಿಂದ ಹೋಟ್ಲಿಗೆ ಹೋಗಿ ಕೇಳೋಕೆ ಶುರು ಮಾಡಿದ್ವಿ. ಏನು ತಪ್ಪು ಮಾಡಿದ್ವಿ, ಏನು ಸರಿ ಹೋಯ್ತು ಎಲ್ಲ ಇಲ್ಲಿ ಬರೀತಿದೀನಿ, ಡೊಂಬಿವಿಲಿ, ಮೀರಾ ರೋಡ್, ನವಿ ಮುಂಬೈ, ಪುಣೆ ಎಲ್ಲಿದ್ರೂ ನಿಮ್ಮ ಸಂಘದವ್ರು ಮಾಡ್ಬಹುದು, ದೊಡ್ಡ ಖರ್ಚೇನಿಲ್ಲ, ಕಾಲು ಗಟ್ಟಿ ಇರ್ಬೇಕು ಅಷ್ಟೇ.

ಮೊದಲು ಯಾರ ಅಭಿಪ್ರಾಯ ಅಂತ ಒಂದು ಸಾಲಲ್ಲಿ ಬರೆದಿಡಿ. ಇದು ಸಣ್ಣ ಕೆಲಸ ಅನ್ಸುತ್ತೆ, ಆದ್ರೆ ಎಲ್ಲಾ ಕೆಡೋದು ಇಲ್ಲೇ. "ಮಹಾರಾಷ್ಟ್ರದ ಜನ" ಅಂದ್ರೆ 288 ವಿಧಾನಸಭಾ ಕ್ಷೇತ್ರ, ನಮ್ಮಿಂದ ಆಗೋ ಮಾತಲ್ಲ. ಮುಂಬೈ ಒಂದೇ ತಗೊಂಡ್ರೂ 36. "ಮುಂಬೈ ಕನ್ನಡಿಗರು" ಅಂದ್ರೂ ಕಷ್ಟಾನೇ, ಯಾಕಂದ್ರೆ ಯಾರು ಕನ್ನಡಿಗರು ಅನ್ನೋದೇ ಪ್ರಶ್ನೆ. ಬಾಗಿಲಲ್ಲಿ ನಿಂತು "ನೀವು ಕನ್ನಡದವ್ರಾ" ಅಂದ್ರೆ ನಮ್ಮ ಶೆಟ್ರು, ಪೂಜಾರಿಯವ್ರು ಎಷ್ಟೋ ಜನ "ನಾವು ತುಳುವರು" ಅಂತಾರೆ, ಕೊಂಕಣಿ ಮಾತಾಡೋ ಕಾರ್ಕಳದವ್ರು ಬೇರೆ ಹೇಳ್ತಾರೆ, ಸೊಲ್ಲಾಪುರ ಅಕ್ಕಲಕೋಟೆ ಕಡೆಯವ್ರು ಮನೇಲಿ ಕನ್ನಡ ಮಾತಾಡಿದ್ರೂ ತಾವು ಇಲ್ಲಿಯವ್ರೇ ಅಂತಾರೆ, ಅದೂ ನಿಜಾನೇ. ಹೆಸರು ನೋಡಿ ಊಹೆ ಮಾಡೋಕೆ ಹೋಗ್ಬೇಡಿ, ಪಾಟೀಲ್ ಅಂತ ಇದ್ರೆ ಬೆಳಗಾವಿಯವ್ರೋ ಸಾತಾರಾದವ್ರೋ ಹೆಂಗೆ ಗೊತ್ತಾಗ್ಬೇಕು. ಅದ್ಕೆ ನಾವು ಕೊನೆಗೆ ಮಾಡಿದ್ದು ಹೀಗೆ, "ಮನೇಲಿ ಏನು ಭಾಷೆ ಮಾತಾಡ್ತೀರಿ, ಊರು ಯಾವ್ದು" ಅಂತ ಕೇಳಿ ಬರ್ಕೊಂಡ್ವಿ, ನೀವು ಇಂಥವ್ರು ಅಂತ ನಾವು ಹಣೆಪಟ್ಟಿ ಕಟ್ಲಿಲ್ಲ.

ಮತ್ತೆ ವಾಟ್ಸಾಪ್ ಗ್ರೂಪಲ್ಲಿ ಲಿಂಕ್ ಹಾಕಿ ಕೇಳೋದು. ನಮ್ಮ ಮೊದಲ ಪ್ರಯತ್ನ ಅದೇ. ಒಂದೇ ದಿನದಲ್ಲಿ ತುಂಬಾ ಉತ್ತರ ಬಂತು, ಖುಷಿ ಆಯ್ತು, ಆಮೇಲೆ ಕೂತು ನೋಡಿದ್ರೆ ಉತ್ತರ ಕೊಟ್ಟವ್ರೆಲ್ಲ ಸ್ವಂತ ಫ್ಲ್ಯಾಟ್ ಇರೋರು, ರಿಟೈರ್ ಆದವ್ರು, ಗಂಡಸರೇ ಜಾಸ್ತಿ. ಹೋಟ್ಲಲ್ಲಿ ಟೇಬಲ್ ಒರೆಸೋ ಹುಡುಗ ಒಬ್ಬನೂ ಇಲ್ಲ, ಬಿಲ್ಡಿಂಗ್ ಕೆಲಸದ ಕಲಬುರಗಿಯವ್ರು ಇಲ್ಲ, ಮನೆಗೆಲಸಕ್ಕೆ ಹೋಗೋ ಹೆಂಗಸರಿಲ್ಲ. ಅನ್ನ ಬೆಂದಿದ್ಯಾ ನೋಡೋಕೆ ಒಂದು ಅಗುಳು ಸಾಕು ಅಂತಾರಲ್ಲ, ಅದು ಮನೆ ಪಾತ್ರೆಗೆ ಸರಿ. ಹೋಟ್ಲಿನ ದೊಡ್ಡ ಹಂಡೇಲಿ ಮೇಲಿನ ಅಗುಳು ಒಂಥರ ಇರುತ್ತೆ ತಳದ್ದು ಒಂಥರ, ಭಟ್ರು ಸೌಟು ತಳಕ್ಕೆ ಹಾಕಿ ತಿರುವಿದ ಮೇಲೇ ಹಿಚುಕಿ ನೋಡೋದು. ಸಂಘದ ಗ್ರೂಪಲ್ಲಿ ಇರೋರು ಮೇಲಿನ ಅಗುಳು.

ತಿರುವೋದು ಹೇಗೆ ಅಂದ್ರೆ ವೋಟರ್ ಲಿಸ್ಟ್. ಮಹಾರಾಷ್ಟ್ರದ ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟಲ್ಲಿ ಕ್ಷೇತ್ರದ ಪ್ರತಿ ಭಾಗದ ಲಿಸ್ಟ್ ಸಿಗುತ್ತೆ, ಯಾರು ಬೇಕಾದ್ರೂ ನೋಡ್ಬಹುದು, ಕ್ರಮಸಂಖ್ಯೆ, ಹೆಸರು, ವಯಸ್ಸು, ಮನೆ ನಂಬರ್ ಇರುತ್ತೆ. ಒಂದು ಭಾಗದಲ್ಲಿ 1000 ಹೆಸರು ಇದೆ, ನಿಮಗೆ 50 ಜನ ಬೇಕು ಅಂದ್ಕೊಳ್ಳಿ, ಅಂದ್ರೆ ಪ್ರತಿ 20ಕ್ಕೊಬ್ರು. 1ರಿಂದ 20 ಚೀಟಿ ಬರೆದು ಡಬ್ಬಕ್ಕೆ ಹಾಕಿ ಒಂದು ತೆಗೀರಿ, 7 ಬಂದ್ರೆ 7, 27, 47, 67 ಹೀಗೆ ಹೋಗಿ. ದೇಶದಲ್ಲಿ ಚುನಾವಣಾ ಅಧ್ಯಯನ ಗಂಭೀರವಾಗಿ ಮಾಡೋ ಲೋಕನೀತಿ-ಸಿಎಸ್‌ಡಿಎಸ್‌ನವ್ರೂ ವೋಟರ್ ಲಿಸ್ಟಿಂದ ಹೀಗೇ ಹೆಸರು ಆರಿಸ್ಕೊಳ್ಳೋದು. ಇದ್ರ ಲಾಭ ಏನಂದ್ರೆ ನಿಮಗೆ ಪರಿಚಯ ಇರೋರು, ನಗ್ತಾ ಮಾತಾಡ್ಸೋರು, ಬಾಗಿಲು ತೆರೆದಿರೋ ಮನೆ, ಇದ್ಯಾವ್ದೂ ಲೆಕ್ಕಕ್ಕೆ ಬರಲ್ಲ, ಚೀಟಿ ಯಾರ ಹೆಸರು ಹೇಳ್ತೋ ಅವ್ರ ಹತ್ರಾನೇ ಹೋಗ್ಬೇಕು. ಅವ್ರು ಸಿಗ್ಲಿಲ್ಲ ಅಂತ ಪಕ್ಕದ್ಮನೆಯವ್ರನ್ನ ಕೇಳಿ ಬರಬಾರ್ದು. ಇನ್ನೊಂದ್ಸಲ ಹೋಗಿ, ಮೂರನೇ ಸಲನೂ ಹೋಗಿ. ಸುಲಭಕ್ಕೆ ಸಿಗದೇ ಇರೋರೇ ಬೇರೆ ಥರ ಯೋಚನೆ ಮಾಡೋರು ಅಂತ ನನ್ನ ಅನುಭವ, ಹನ್ನೆರಡು ಗಂಟೆ ಡ್ಯೂಟಿ ಮಾಡೋನಿಗೆ ಲೋಕಲ್ ಟ್ರೇನಿನ ಸಿಟ್ಟು ಎಷ್ಟಿರುತ್ತೆ ಅಂತ ಮಧ್ಯಾಹ್ನ ಮನೇಲಿರೋರ್ನ ಕೇಳಿದ್ರೆ ಗೊತ್ತಾಗಲ್ಲ.

ಆದ್ರೆ ವೋಟರ್ ಲಿಸ್ಟಿಗೆ ಒಂದು ದೊಡ್ಡ ಕೊರತೆ ಇದೆ, ನಮ್ಮವ್ರ ವಿಷ್ಯದಲ್ಲಿ ಅದು ತುಂಬಾ ದೊಡ್ಡದು. ಹೋಟ್ಲು, ಕ್ಯಾಂಟೀನಲ್ಲಿ ಕೆಲಸ ಮಾಡೋ ಹುಡುಗ್ರು ಮೇಲ್ಗಡೆ ರೂಮಲ್ಲಿ ಮಲಗ್ತಾರೆ, ಓಟು ಊರಲ್ಲಿರುತ್ತೆ. 2024ರ ಲೋಕಸಭೆಗೆ ಉಡುಪಿ-ಚಿಕ್ಕಮಗಳೂರು, ದಕ್ಷಿಣ ಕನ್ನಡದಲ್ಲಿ ಏಪ್ರಿಲ್ 26ಕ್ಕೆ ಓಟು, ಮುಂಬೈಲಿ ಮೇ 20ಕ್ಕೆ. ಏಪ್ರಿಲಲ್ಲಿ ರಜೆ ಹಾಕಿ ಬಸ್ಸಲ್ಲಿ ಊರಿಗೆ ಹೋಗಿ ಬಂದವ್ರನ್ನ ನಾನೇ ನೋಡಿದೀನಿ, ರಜೆ ಸಿಗದೆ ಹೋಗ್ದೇ ಇದ್ದವ್ರು ಇನ್ನೂ ಜಾಸ್ತಿ. ಇವ್ರ ಸಂಬಳದಿಂದ ವೃತ್ತಿ ತೆರಿಗೆ ಕಟ್ ಆಗೋದು ಮಹಾರಾಷ್ಟ್ರಕ್ಕೆ, ಕುಡಿಯೋ ನೀರು ಮುಂಬೈ ಪಾಲಿಕೇದು, ಆದ್ರೆ ಇಲ್ಲಿ ಕಾರ್ಪೊರೇಟರ್ ಯಾರಾಗ್ಬೇಕು ಅನ್ನೋದಕ್ಕೆ ಇವ್ರಿಗೆ ದನಿ ಇಲ್ಲ. ನಾಕಾದಲ್ಲಿ, ಅಂದ್ರೆ ಕೂಲಿಯವ್ರು ಸೇರೋ ಚೌಕದಲ್ಲಿ, ಬೆಳಿಗ್ಗೆ ಕೆಲಸಕ್ಕೆ ಕಾಯ್ತಿದ್ದ ಕಾಕಾ ಒಬ್ರು "ನಾವ್ ಇಲ್ಲಿ ಇಪ್ಪತ್ ವರ್ಷ ಆತ್ರಿ, ಓಟಿಗಿ ಮಾತ್ರ ಊರಿಗೇ ಹೋಗ್ತೀವ್ರಿ" ಅಂದ್ರು. ಇವ್ರನ್ನ ಬಿಟ್ರೆ ನಿಮ್ಮ ಸರ್ವೆಗೆ ಅರ್ಥ ಇಲ್ಲ, ಸೇರಿಸಿ ಒಂದೇ ಲೆಕ್ಕ ಮಾಡಿದ್ರೂ ತಪ್ಪಾಗುತ್ತೆ. ಎರಡು ಲೆಕ್ಕ ಇಡಿ: ಒಂದು ಇಲ್ಲಿ ಓಟು ಇರೋರದ್ದು, ಒಂದು ಇಲ್ಲಿ ಬದುಕು ಇದ್ದು ಓಟು ಊರಲ್ಲಿರೋರದ್ದು. ಹೋಟ್ಲವ್ರಿಗೆ ಲಿಸ್ಟ್ ಮಾಡೋಕೆ ಸುಲಭ ದಾರಿ, ಏರಿಯಾದ ನಮ್ಮವ್ರ ಹೋಟ್ಲೆಲ್ಲ ಬರ್ಕೊಂಡು ಚೀಟಿ ಎತ್ತಿ ಕೆಲವು ಆರಿಸಿ, ಅಲ್ಲಿರೋ ಎಲ್ಲಾ ಹುಡುಗ್ರನ್ನೂ ಕೇಳಿ, ಕ್ಯಾಶಲ್ಲಿ ಕೂತವ್ರನ್ನ ಮಾತ್ರ ಕೇಳಿ ಬರೋದಲ್ಲ.

(ಈ ಮಾತು ಬಂದಾಗೆಲ್ಲ ಒಬ್ರಾದ್ರೂ ಕೇಳ್ತಾರೆ, ಎರಡೂ ಕಡೆ ಹೆಸರು ಇಟ್ಕೊಂಡ್ರೆ ಏನಾಗುತ್ತೆ ಅಂತ. ಕಾನೂನು ಪ್ರಕಾರ ಒಂದೇ ಕಡೆ ಇರ್ಬೇಕು. ವಿಳಾಸ ಬದಲಾಯಿಸೋಕೆ ಫಾರ್ಮ್ 8, ಹೊಸದಾಗಿ ಸೇರೋಕೆ ಫಾರ್ಮ್ 6. ಕೇಳಿದವ್ರಿಗೆ ಇಷ್ಟು ಹೇಳಿ ಮುಂದಕ್ಕೆ ಹೋಗಿ, ಇಲ್ಲೇ ಮಾಡ್ಸಿ ಅಂತ ಒತ್ತಾಯ ಮಾಡೋದು ನಮ್ಮ ಕೆಲಸ ಅಲ್ಲ.)

ಟೈಮು. ಹೋಟ್ಲಿಗೆ ಮಧ್ಯಾಹ್ನ ಮೂರೂವರೆಯಿಂದ ಐದರೊಳಗೆ, ಊಟದ ರಶ್ ಮುಗಿದು ಸಂಜೆ ತಿಂಡಿ ಶುರು ಆಗೋ ಮುಂಚೆ. ಮನೆ ಹೆಂಗಸರಿಗೆ ಬೆಳಿಗ್ಗೆ ಹನ್ನೊಂದು, ಇಲ್ಲಾ ನಾಕು ಗಂಟೆ. ಆಫೀಸಿನವ್ರು ಭಾನುವಾರ. ನಾಕಾಗೆ ಬೆಳಿಗ್ಗೆ ಹೋದ್ರೆ ಅವ್ರ ಕೂಲಿ ಕೆಡುತ್ತೆ, ಸಂಜೆ ಅವ್ರಿರೋ ಕಡೆ ಹೋಗಿ.

ಈಗ ಪ್ರಶ್ನೆಗಳು, ನಂಗೆ ಜಾಸ್ತಿ ಹೇಳ್ಬೇಕಾಗಿರೋದು ಇದ್ರ ಬಗ್ಗೇನೇ. "ಟ್ಯಾಕ್ಸ್ ಜಾಸ್ತಿ ಆಯ್ತಲ್ವಾ?" ಅಂತ ಕೇಳಿದ್ರೆ ಯಾರು ಇಲ್ಲ ಅಂತಾರೆ? "ರಸ್ತೆ ಸರಿ ಮಾಡ್ಬೇಕಲ್ವಾ?" ಅಂದ್ರೂ ಎಲ್ರೂ ಹೌದು ಅಂತಾರೆ. ಎರಡೂ ಬರ್ಕೊಂಡು ಬಂದು "ಜನಕ್ಕೆ ಟ್ಯಾಕ್ಸ್ ಕಮ್ಮಿ ಆಗ್ಬೇಕು, ಕೆಲಸ ಜಾಸ್ತಿ ಆಗ್ಬೇಕು" ಅಂತ ವರದಿ ಬರೆದ್ರೆ ಏನೂ ತಿಳಿದ ಹಾಗಾಗ್ಲಿಲ್ಲ. ಎರಡನ್ನೂ ಒಂದೇ ಪ್ರಶ್ನೇಲಿ ಕಟ್ಟಿ. "ಪಾಲಿಕೆ ಟ್ಯಾಕ್ಸ್ ಸ್ವಲ್ಪ ಕಮ್ಮಿ ಮಾಡುತ್ತೆ ಅಂತಾದ್ರೆ ಯಾವ ಖರ್ಚು ಕಡಿತ ಮಾಡಿದ್ರೆ ನಿಮಗೆ ಪರವಾಗಿಲ್ಲ, ರಸ್ತೆ, ಆಸ್ಪತ್ರೆ, ಶಾಲೆ, ಕಸ, ನೀರು? ಅಥವಾ ಟ್ಯಾಕ್ಸ್ ಈಗ ಇದ್ದ ಹಾಗೇ ಇರ್ಲಿ ಅಂತೀರಾ?" ಈ ಪ್ರಶ್ನೆ ಕೇಳಿದಾಗ ಜನ ನಿಂತು ಯೋಚನೆ ಮಾಡ್ತಾರೆ, ಒಬ್ಬ ಅಜ್ಜಿ ಐದು ನಿಮಿಷ ಸುಮ್ನೆ ಕೂತು "ಆಸ್ಪತ್ರೆ ಮುಟ್ಬೇಡಿ, ಬೇರೆ ಏನಾರೂ ಮಾಡ್ಲಿ" ಅಂದ್ರು. ಮುಂಬೈ ಪಾಲಿಕೆಯ 2025-26ರ ಬಜೆಟ್ 74,427 ಕೋಟಿ, ಅದ್ರಲ್ಲಿ ಏನು ಮುಟ್ಬಾರ್ದು ಅಂತ ಆ ಅಜ್ಜಿಗೆ ಸ್ಪಷ್ಟ ಇದೆ.

ಇನ್ನೊಂದು, ಜನ ಮೂರು ಸರ್ಕಾರನ ಒಂದೇ ಅಂದ್ಕೊಂಡು ಮಾತಾಡ್ತಾರೆ, ಅದು ಅವ್ರ ತಪ್ಪಲ್ಲ, ಟ್ಯಾಕ್ಸ್ ಹೋಗೋ ದಾರಿ ಯಾರೂ ಬಿಡಿಸಿ ಹೇಳಿಲ್ಲ. ಕೇಳೋಕೆ ಹೋಗೋರಿಗಾದ್ರೂ ಗೊತ್ತಿರ್ಬೇಕು. ಮನೆ ಟ್ಯಾಕ್ಸ್, ಇಲ್ಲಿಯವ್ರ ಬಾಯಲ್ಲಿ ಘರ್‌ಪಟ್ಟಿ, ಹೋಗೋದು ಪಾಲಿಕೆಗೆ. ಮುಂಬೈಲಿ 500 ಚದರಡಿ ತನಕದ ಮನೆಗೆ 2022ರ ಜನವರಿ 1ರಿಂದ ಮಾಫಿ, ಅದ್ಕೆ ಸಣ್ಣ ಮನೆಯವ್ರು "ನಾವೆಲ್ಲಿ ಟ್ಯಾಕ್ಸ್ ಕಟ್ತೀವಿ" ಅಂತಾರೆ. ವೃತ್ತಿ ತೆರಿಗೆ ರಾಜ್ಯಕ್ಕೆ, ಸಂಬಳದಿಂದ ತಿಂಗಳಿಗೆ 200, ಫೆಬ್ರವರಿಲಿ 300, ವರ್ಷಕ್ಕೆ ಜಾಸ್ತಿ ಅಂದ್ರೆ 2,500. ಹೆಂಗಸರಿಗೆ ತಿಂಗಳ ಸಂಬಳ 25,000 ತನಕ ಇದು ಇಲ್ಲ. ಪೆಟ್ರೋಲ್ ಮೇಲೆ ರಾಜ್ಯದ ವ್ಯಾಟ್ ಬೇರೆ, ಕೇಂದ್ರದ ಅಬಕಾರಿ ಸುಂಕ ಬೇರೆ. ಮುಂಬೈ, ಠಾಣೆ, ನವಿ ಮುಂಬೈಲಿ ಪೆಟ್ರೋಲ್ ವ್ಯಾಟ್ 2024ರಲ್ಲಿ ಶೇ 26ರಿಂದ 25ಕ್ಕೆ, ಡೀಸೆಲ್ದು 24ರಿಂದ 21ಕ್ಕೆ ಇಳೀತು. ಇನ್ಕಮ್ ಟ್ಯಾಕ್ಸ್ ಕೇಂದ್ರ ವಸೂಲು ಮಾಡೋದು. ರಾಜ್ಯದೊಳಗಿನ ವ್ಯಾಪಾರದ ಜಿಎಸ್‌ಟಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಹೋಟ್ಲಿನವ್ರನ್ನ ಕೇಳೋವಾಗ ಇದು ಮುಖ್ಯ. 2017ರ ಜುಲೈಲಿ ಜಿಎಸ್‌ಟಿ ಬಂದಾಗ ಎಸಿ ಇಲ್ಲದ ಹೋಟ್ಲಿಗೆ ಶೇ 12, ಎಸಿ ಇದ್ರೆ 18 ಇತ್ತು, ಅದೇ ವರ್ಷ ನವೆಂಬರ್ 15ಕ್ಕೆ ಶೇ 5 ಮಾಡಿ ಇನ್‌ಪುಟ್ ಕ್ರೆಡಿಟ್ (ಸಾಮಾನು ತರೋವಾಗ ಕಟ್ಟಿದ ಜಿಎಸ್‌ಟಿನ ಕಳೆದುಕೊಳ್ಳೋ ಸೌಲಭ್ಯ) ತೆಗೆದ್ರು. ಹಳೇ ಮಾಲೀಕರು ಇನ್ನೂ ಆ ನಾಕು ತಿಂಗಳ ಕಥೆ ಹೇಳ್ತಾರೆ. ಬಾರ್ ಇರೋ ಹೋಟ್ಲಿನವ್ರ ಸಿಟ್ಟು ಬೇರೆ, ಅಲ್ಲಿ ಕೂತು ಕುಡಿಯೋ ಮದ್ಯದ ಮೇಲಿನ ವ್ಯಾಟನ್ನ ರಾಜ್ಯ 2023ರ ನವೆಂಬರಲ್ಲಿ ಶೇ 5ರಿಂದ 10 ಮಾಡ್ತು. ಹಾಗಾಗಿ ಶೆಟ್ರು "ಟ್ಯಾಕ್ಸ್ ತಡೆಯೋಕಾಗ್ತಿಲ್ಲ" ಅಂದ್ರೆ ಹಾಗೇ ಬರ್ಕೊಂಡು ಬರ್ಬೇಡಿ, ಯಾವ ಟ್ಯಾಕ್ಸ್ ಅಂತ ಕೇಳಿ.

"ತೆರಿಗೆ" ಅನ್ನೋ ಮಾತನ್ನೇ ಬಳಸ್ಬೇಡಿ ಅಂತಾನೂ ಹೇಳ್ತೀನಿ. ನಮ್ಮ ಕಡೆ ಹಿರಿಯರಿಗೆ ತೀರ್ವೆ ಅಂದ್ರೆ ಜಮೀನಿಂದು, ಘಟ್ಟದ ಮೇಲಿನವ್ರಿಗೆ ಕಂದಾಯ, ಇಲ್ಲಿ ಹುಟ್ಟಿದ ಮಕ್ಕಳಿಗೆ ಟ್ಯಾಕ್ಸ್, ಚಾಳಲ್ಲಿರೋರಿಗೆ ಘರ್‌ಪಟ್ಟಿ, ಪಾಣಿಪಟ್ಟಿ (ನೀರಿಂದು). ಪ್ರಶ್ನೆ ಒಂದೇ ಇರ್ಲಿ, ಅದನ್ನ ಕನ್ನಡ, ತುಳು, ಮರಾಠಿ, ಹಿಂದಿಲಿ ಮೊದಲೇ ಬರೆದಿಟ್ಕೊಳ್ಳಿ, ಬಾಗಿಲಲ್ಲಿ ನಿಂತು ಮನಸ್ಸಿಗೆ ಬಂದ ಹಾಗೆ ಅನುವಾದ ಮಾಡಿದ್ರೆ ಪ್ರತಿಯೊಬ್ರೂ ಬೇರೆ ಬೇರೆ ಪ್ರಶ್ನೆ ಕೇಳಿದ ಹಾಗಾಗುತ್ತೆ.

ಯೋಜನೆಗಳ ಬಗ್ಗೆ ಕೇಳೋವಾಗ ಇನ್ನೂ ಜಾಗ್ರತೆ. ಲಾಡ್ಕಿ ಬಹೀಣ್ ಯೋಜನೆ 2024ರ ಜುಲೈಲಿ ಶುರುವಾಗಿದ್ದು, 21ರಿಂದ 65 ವಯಸ್ಸಿನ, ಮನೆ ಆದಾಯ ವರ್ಷಕ್ಕೆ ಎರಡೂವರೆ ಲಕ್ಷದೊಳಗಿರೋ ಹೆಂಗಸರಿಗೆ ತಿಂಗಳಿಗೆ 1,500. ಅತ್ಲಾಗೆ ಕರ್ನಾಟಕದಲ್ಲಿ ಗೃಹಲಕ್ಷ್ಮಿ 2,000, ಅದು 2023ರ ಆಗಸ್ಟಿಂದ. ನಮ್ಮವ್ರ ಒಂದೇ ಮನೇಲಿ ಸೊಸೆಗೆ ಇಲ್ಲಿದು ಬರುತ್ತೆ, ಊರಲ್ಲಿರೋ ಅತ್ತೆಗೆ ಅಲ್ಲಿದು. ನೀವು "ಈ ಬಿಟ್ಟಿ ಯೋಜನೆ ಬೇಕಾ" ಅಂದ್ರೆ ಒಂದು ಉತ್ತರ, "ಹೆಂಗಸರ ಕೈಗೆ ಬರೋ ಈ ದುಡ್ಡು ಮುಂದುವರೀಬೇಕಾ" ಅಂದ್ರೆ ಬೇರೆ ಉತ್ತರ, ಪಕ್ಷದ ಹೆಸರು ಸೇರಿಸಿದ್ರೆ ಮೂರನೇದು. ಹೆಸರು, ಮೊತ್ತ ಹೇಳಿ "ಇದು ಮುಂದುವರೀಬೇಕಾ, ಬದಲಾಗ್ಬೇಕಾ, ನಿಲ್ಲಬೇಕಾ" ಅಷ್ಟೇ ಕೇಳಿ. ಬಾಯಿಂದ ನಮ್ಮ ಅಭಿಪ್ರಾಯ ಬರಬಾರ್ದು, ಮುಖದಲ್ಲೂ ಕಾಣಬಾರ್ದು. ನಂಗೆ ಇದು ತುಂಬಾ ಕಷ್ಟ ಆಯ್ತು, ಒಬ್ಬಳು ಹುಡುಗಿ ತನಗೆ ಬರೋ 1,500ರಲ್ಲಿ ಮಗಳ ಟ್ಯೂಷನ್ ಫೀ ಕಟ್ತೀನಿ ಅಂದಾಗ ಕಣ್ಣು ತುಂಬ್ತು, ಆದ್ರೂ ಮುಂದಿನ ಮನೆಯವ್ರು "ನಿಲ್ಲಿಸ್ಬೇಕು" ಅಂದಾಗ ಅದನ್ನೂ ಅಷ್ಟೇ ಮರ್ಯಾದೆಯಿಂದ ಬರ್ಕೋಬೇಕು.

ಪ್ರಶ್ನೆಗಳನ್ನ ಜೋಡಿಸೋದು ಹೀಗೆ: ಮೊದಲು ಆಯ್ಕೆ ಏನೂ ಕೊಡದೆ ಕೇಳೋ ಪ್ರಶ್ನೆ, "ನಿಮ್ಮ ಏರಿಯಾದಲ್ಲಿ ಮೊದಲು ಸರಿ ಆಗ್ಬೇಕಾದ ಒಂದು ವಿಷ್ಯ ಯಾವ್ದು" ಅಂತ, ಅವ್ರ ಮಾತಲ್ಲೇ ಬರ್ಕೊಳ್ಳಿ. ಆಮೇಲೆ ಪಾಲಿಕೆ ಕೆಲಸ ಹೇಗಿದೆ, ರಾಜ್ಯದ್ದು ಹೇಗಿದೆ, ಕೇಂದ್ರದ್ದು ಹೇಗಿದೆ, ಮೂರೂ ಬೇರೆ ಬೇರೆ. ಟ್ಯಾಕ್ಸ್ ಅದಾದ್ಮೇಲೆ. ಟ್ಯಾಕ್ಸ್ ಮೊದಲೇ ಕೇಳಿದ್ರೆ ಆ ಸಿಟ್ಟಲ್ಲೇ ಸರ್ಕಾರಕ್ಕೂ ಮಾರ್ಕ್ಸ್ ಕೊಡ್ತಾರೆ. "ಗೊತ್ತಿಲ್ಲ, ಹೇಳೋಕಾಗಲ್ಲ" ಅನ್ನೋದೂ ಒಂದು ಉತ್ತರಾನೇ, ಅದನ್ನ ಒತ್ತಿ ಒತ್ತಿ ಹೌದು-ಇಲ್ಲ ಮಾಡ್ಬೇಡಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಯಾರನ್ನೂ ಹಿಡ್ಕೊಂಡು ಕೂರ್ಬೇಡಿ.

ಓಟು ಯಾರಿಗೆ ಅನ್ನೋದು ಕಟ್ಟಕಡೆಗೆ, ಅದೂ ಬಾಯಲ್ಲಿ ಕೇಳ್ಬೇಡಿ. ಗುರುತುಗಳಿರೋ ಚೀಟಿ ಕೊಟ್ಟು, ಟಿಕ್ ಮಾಡಿ ಮಡಚಿ ಡಬ್ಬಕ್ಕೆ ಹಾಕಿ ಅನ್ನಿ. ನೋಟಾನೂ ಇರ್ಲಿ, ಓಟು ಹಾಕಲ್ಲ ಅನ್ನೋದೂ ಇರ್ಲಿ. ನಾವು ಬೆನ್ನು ತಿರುಗಿಸಿ ನಿಲ್ತಿದ್ವಿ. ಬಾಗಿಲಲ್ಲಿ ಗಂಡ "ನಮ್ಮನೇದು ಎಲ್ರದ್ದೂ ಒಂದೇ" ಅಂದ ಮನೇಲಿ ಹೆಂಡತಿ ಚೀಟಿನ ಸಣ್ಣದಾಗಿ ನಾಕು ಮಡಿಕೆ ಮಾಡಿ ಹಾಕಿದ್ದನ್ನ ನೋಡಿದೀನಿ. ಒಳಗೆ ಏನಿತ್ತು ನಂಗೆ ಗೊತ್ತಿಲ್ಲ, ಗೊತ್ತಾಗ್ಬೇಕಾಗಿಯೂ ಇಲ್ಲ. ಒಂದು ಹೋಟ್ಲಲ್ಲಿ ಮಾಲೀಕರು ಪಕ್ಕದಲ್ಲೇ ನಿಂತಿದ್ರು, ಹುಡುಗ್ರೆಲ್ಲ ಅವ್ರ ಮುಖ ನೋಡ್ಕೊಂಡೇ ಉತ್ತರ ಹೇಳಿದ್ರು, ನಾವು ಆ ಇಡೀ ಹೋಟ್ಲಿನ ಉತ್ತರ ಬಿಟ್ವಿ. ಆಮೇಲಿಂದ ಮೊದಲೇ "ಅಣ್ಣ, ಹುಡುಗ್ರ ಹತ್ರ ಒಬ್ಬೊಬ್ರನ್ನೇ ಮಾತಾಡ್ಬೇಕು, ನೀವು ಸ್ವಲ್ಪ ಗಲ್ಲಾದಲ್ಲೇ ಇರಿ" ಅಂತ ಕೈಮುಗಿದು ಕೇಳ್ತಿದ್ವಿ, ಯಾರೂ ಬೇಜಾರು ಮಾಡ್ಕೊಳ್ಲಿಲ್ಲ. ಹೆಸರು, ಫೋನ್ ನಂಬರ್ ಉತ್ತರದ ಹಾಳೇಲಿ ಬರೀಲೇಬೇಡಿ. ಹೆಸರಿರೋ ಲಿಸ್ಟ್ ಬೇರೆ, ಉತ್ತರ ಬೇರೆ, ಎರಡೂ ಒಂದೇ ಬ್ಯಾಗಲ್ಲಿ ಇರಬಾರ್ದು.

ಕಾನೂನಿನ ಗಡಿ ಮರೀಬೇಡಿ. ಲೋಕಸಭೆ, ವಿಧಾನಸಭೆ ಎಲೆಕ್ಷನಲ್ಲಿ ಓಟು ಹಾಕಿ ಬಂದವ್ರನ್ನ ಕೇಳೋ ಎಕ್ಸಿಟ್ ಪೋಲ್, ಆಯೋಗ ಹೇಳಿದ ಅವಧೀಲಿ ಮಾಡೋದೂ ತಪ್ಪು, ಹಂಚೋದೂ ತಪ್ಪು, ಜನಪ್ರಾತಿನಿಧ್ಯ ಕಾಯ್ದೆ 126ಎ ಪ್ರಕಾರ ಎರಡು ವರ್ಷದ ತನಕ ಜೈಲು ಆಗ್ಬಹುದು. ಓಟಿಂಗ್ ಮುಗಿಯೋ ಮುಂಚಿನ 48 ಗಂಟೇಲಿ ಒಪೀನಿಯನ್ ಪೋಲ್ ಟಿವೀಲಿ ತೋರ್ಸೋ ಹಾಗಿಲ್ಲ. ನಮ್ಮಂಥವ್ರು ಎಲೆಕ್ಷನ್‌ಗೆ ಮೂರ್ನಾಕು ವಾರ ಮುಂಚೆನೇ ಕೆಲಸ ಮುಗಿಸಿ ಸುಮ್ನಾಗೋದು ಒಳ್ಳೇದು, ಪಾಲಿಕೆದಾದ್ರೂ ಅಷ್ಟೇ.

ಲೆಕ್ಕ ಹಾಕೋವಾಗ ಒಂದು ಅಂದಾಜು ತಲೇಲಿಟ್ಕೊಳ್ಳಿ. ಚೀಟಿ ಎತ್ತಿ ಆರಿಸಿದ 100 ಜನರನ್ನ ಕೇಳಿದ್ರೆ ಉತ್ತರ ಶೇಕಡಾ ಲೆಕ್ಕದಲ್ಲಿ 10 ಅಂಶ ಆಚೆ ಈಚೆ ಇರ್ಬಹುದು, 400 ಆದ್ರೆ 5, 1000 ಆದ್ರೆ ಸುಮಾರು 3. ತಪ್ಪು ಅರ್ಧ ಆಗ್ಬೇಕಾದ್ರೆ ಜನ ನಾಕು ಪಟ್ಟು ಆಗ್ಬೇಕು. ಹಾಗಾಗಿ 100 ಜನರಲ್ಲಿ 46 ಒಬ್ರಿಗೆ 42 ಇನ್ನೊಬ್ರಿಗೆ ಬಂದ್ರೆ ಯಾರು ಮುಂದೆ ಅಂತ ಹೇಳ್ಬೇಡಿ, ಸಮಬಲ ಅನ್ನಿ. ಮತ್ತೆ ಓಟು ಬೇರೆ ಸೀಟು ಬೇರೆ. 2024ರ ಲೋಕಸಭೇಲಿ ಮಹಾರಾಷ್ಟ್ರದ ಎರಡೂ ಕೂಟದ ಓಟಿನ ವ್ಯತ್ಯಾಸ ಶೇ 1ಕ್ಕಿಂತ ಕಮ್ಮಿ, ಸೀಟು ಮಾತ್ರ ಕಾಂಗ್ರೆಸ್ ಇರೋ ಮಹಾವಿಕಾಸ ಆಘಾಡಿಗೆ 30, ಬಿಜೆಪಿ ಇರೋ ಮಹಾಯುತಿಗೆ 17. ಆರು ತಿಂಗಳು ಕಳೆದು ನವೆಂಬರ್ 20ಕ್ಕೆ ವಿಧಾನಸಭೆಗೆ ಓಟಾಯ್ತು, ಅದೇ ಮಹಾಯುತಿ 288ರಲ್ಲಿ 230 ಗೆದ್ಕೊಂಡ್ತು. ಜೂನಲ್ಲಿ ಕೇಳಿದ ಅಭಿಪ್ರಾಯನ ನವೆಂಬರಲ್ಲಿ ಹಿಡ್ಕೊಂಡು ಕೂತವ್ರಿಗೆ ಏನೂ ಸಿಗ್ಲಿಲ್ಲ. ಅದ್ಕೆ ಪ್ರತಿ ಹಾಳೆ ಮೇಲೆ ತಾರೀಖು ಹಾಕಿ. ಜಿಎಸ್‌ಟಿ ವಿಷ್ಯದಲ್ಲೂ ಹಾಗೇ, 2025ರ ಸೆಪ್ಟೆಂಬರ್ 22ಕ್ಕೆ ಹೆಚ್ಚಿನ ಸಾಮಾನಿಗೆ ಶೇ 12, 28ರ ಹಂತ ತೆಗೆದ್ರಲ್ಲ, ಅದಕ್ಕೆ ಮುಂಚೆ ಕೇಳಿದ್ದು ಆಮೇಲೆ ಕೇಳಿದ್ದು ಒಂದೇ ಪಟ್ಟೀಲಿ ಸೇರಿಸ್ಬೇಡಿ.

ಎಣಿಕೆ ಇಬ್ರು ಕೂತು ಮಾಡಿ, ಒಬ್ರು ಓದ್ಬೇಕು ಒಬ್ರು ಗೆರೆ ಹಾಕ್ಬೇಕು, ಆಮೇಲೆ ಅದಲುಬದಲು ಮಾಡಿ ಇನ್ನೊಂದ್ಸಲ. ಒಂದೇ ಪುಟದಲ್ಲಿ ಬರೀರಿ, ಎಷ್ಟು ಮನೆ ಬಾಗಿಲು ತಟ್ಟಿದ್ವಿ, ಎಷ್ಟು ಜನ ಮಾತಾಡಿದ್ರು, ಎಷ್ಟು ಜನ ಬೇಡ ಅಂದ್ರು ಅನ್ನೋದು ಮೇಲ್ಗಡೆನೇ ಬರ್ಲಿ. ಯಾವ ಕ್ಯಾಂಡಿಡೇಟ್ ಆಫೀಸಿಗೂ ಮೊದಲು ಕೊಡ್ಬೇಡಿ, ನಮ್ಮನ್ನೂ ಒಬ್ರು ಕೇಳಿದ್ರು, ದುಡ್ಡೂ ಕೊಡ್ತೀವಿ ಅಂದ್ರು, ನಾವು ಒಪ್ಪಲಿಲ್ಲ. ಉತ್ತರ ಹೇಳಿದವ್ರಿಗೆ ಮೊದಲು ಓದಿ ಹೇಳ್ಬೇಕು. ಸಂಘದ ಹಾಲಲ್ಲಿ ಓದಿದ್ರೆ ಸಾಕಾಗಲ್ಲ, ಅಲ್ಲಿಗೆ ಬರೋರು ಮತ್ತೆ ಅವ್ರೇ. ನಾವು ಹೋಟ್ಲಿನ ಮೇಲಿನ ರೂಮಿಗೆ ಹತ್ತಿ ಹೋಗಿ, ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದ ಮೇಲೆ, ಹುಡುಗ್ರನ್ನ ಕೂರಿಸ್ಕೊಂಡು ಓದಿದ್ವಿ. ಬೈಂದೂರಿನ ಒಬ್ಬ ಹುಡುಗ "ನೀರಿಂದು ನಾನೇ ಹೇಳಿದ್ದು ಅಕ್ಕ" ಅಂತ ಮೂರು ಸಲ ಹೇಳ್ದ. ಓದಿ ಮುಗಿದ್ಮೇಲೆ ಅವ್ರ ಎದುರಿಗೇ ಡಬ್ಬ ತೆಗೆದು ಚೀಟಿಗಳನ್ನೆಲ್ಲ ಹರಿದು ಬಕೆಟ್ ನೀರಿಗೆ ಹಾಕಿದ್ವಿ. ನೀವೂ ಹಾಗೇ ಮಾಡಿ, ಅವ್ರ ಕಣ್ಣೆದುರಿಗೇ.